ಬೆಲೆಯೇರಿಕೆಯ ಕಾರಣವನ್ನು ಗುರುತಿಸುವುದು ಹೇಗೆ: ಸುಧಾರಣೆಯ ಹಾದಿಯಲ್ಲಿರುವ ಭಾರತದ ಹಣದುಬ್ಬರವನ್ನು ಓದುವ ಕ್ರಮ

ಪ್ರತಿ ತಿಂಗಳ ಎರಡನೆಯ ವಾರದ ಹೊತ್ತಿಗೆ ಕೇಂದ್ರದ ಸಾಂಖ್ಯಿಕ ಸಚಿವಾಲಯವು ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಹಣದುಬ್ಬರ ಏರಿತೆಂದೋ ಇಳಿಯಿತೆಂದೋ ಸುದ್ದಿ ಬರುತ್ತದೆ. ಅದರ ಜೊತೆಗೆ ಒಂದು ಕಾರಣವೂ ಅಚ್ಚಾಗಿರುತ್ತದೆ. ಈರುಳ್ಳಿ, ಕಚ್ಚಾ ತೈಲ, ಕೈಕೊಟ್ಟ ಮುಂಗಾರು, ಸರ್ಕಾರದ ಖರ್ಚು, ದಲ್ಲಾಳಿಗಳ ದಾಸ್ತಾನು, ಇವುಗಳಲ್ಲಿ ಯಾವುದಾದರೊಂದು ಆ ತಿಂಗಳ ಅಪರಾಧಿಯಾಗುತ್ತದೆ. ಆದರೆ ವೇಗವಾಗಿ ಬೆಳೆಯುತ್ತಿರುವ, ಅದೇ ಹೊತ್ತಿಗೆ ತನ್ನ ಹಳೆಯ ನಿಯಮಗಳನ್ನು ಒಂದೊಂದಾಗಿ ಸಡಿಲಿಸುತ್ತಿರುವ ದೇಶದಲ್ಲಿ ಬೆಲೆಯೇರಿಕೆಗೆ ಒಂದೇ ಕಾರಣ ಇರುವುದು ತೀರ ಅಪರೂಪ. ಬೆಳವಣಿಗೆ ತಂದ ಏರಿಕೆ, ಸುಧಾರಣೆ ತಂದ ಏರಿಕೆ, ಇವೆರಡಕ್ಕೂ ಸಂಬಂಧವಿಲ್ಲದ ಏರಿಕೆ ಎಲ್ಲವೂ ಒಂದೇ ಅಂಕಿಯೊಳಗೆ ಬೆರೆತಿರುತ್ತವೆ. ಅವನ್ನು ಬೇರ್ಪಡಿಸಿ ನೋಡುವ ಕ್ರಮವನ್ನು 1991ರ ನಂತರದ ಭಾರತದ, ಅದರಲ್ಲೂ ಮುಖ್ಯವಾಗಿ 2008ರಿಂದ 2013ರವರೆಗಿನ ಅನುಭವದ ನೆರವಿನಿಂದ ಇಲ್ಲಿ ವಿವರಿಸಲಾಗಿದೆ. ಅರ್ಥಶಾಸ್ತ್ರದ ಪದವಿ ಇದಕ್ಕೆ ಬೇಡ. ಸರಿಯಾದ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳುವ ತಾಳ್ಮೆ ಸಾಕು.

ಮೊದಲಿಗೇ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಬೆಲೆ ಒಮ್ಮೆ ಏರಿ ನಿಲ್ಲುವುದಕ್ಕೆ ಕಾರಣ ಬೇರೆ. ವರ್ಷದ ಮೇಲೆ ವರ್ಷ ಏರುತ್ತಲೇ ಇರುವುದಕ್ಕೆ ಕಾರಣ ಬೇರೆ. ಮಳೆ ಬಾರದಿದ್ದರೆ, ತೆರಿಗೆ ಹೆಚ್ಚಿದರೆ, ಸಬ್ಸಿಡಿ ಹೋದರೆ ಬೆಲೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಅದು ಅಲ್ಲಿಂದ ಮುಂದೆಯೂ ಹತ್ತುತ್ತಲೇ ಹೋಗಬೇಕಾದರೆ ಕೂಲಿ, ಸಾಲ, ಸರ್ಕಾರದ ಕೊರತೆ ಮತ್ತು ಜನರ ನಿರೀಕ್ಷೆ ಇವುಗಳಲ್ಲಿ ಒಂದಾದರೂ ಅದನ್ನು ಹೊತ್ತೊಯ್ಯಬೇಕು. ಮುಂದಿನ ಎಲ್ಲ ಹಂತಗಳ ಉದ್ದೇಶವೂ ಈ ಎರಡನ್ನು ಬೇರ್ಪಡಿಸುವುದೇ ಆಗಿದೆ.

ಯಾವ ಸೂಚ್ಯಂಕ, ಯಾವ ಸರಕು

ಅಂಕಿಯನ್ನು ಕಂಡ ಕೂಡಲೇ ಅದು ಸಗಟು ಬೆಲೆಯದೋ ಗ್ರಾಹಕ ಬೆಲೆಯದೋ ಎಂದು ನೋಡಬೇಕು. ಸಗಟು ಬೆಲೆ ಸೂಚ್ಯಂಕದಲ್ಲಿ ಸೇವೆಗಳೇ ಇಲ್ಲ. ಶಾಲಾ ಶುಲ್ಕ, ಆಸ್ಪತ್ರೆಯ ಬಿಲ್ಲು, ಮನೆ ಬಾಡಿಗೆ, ಬಸ್ ಟಿಕೆಟ್ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. 2011-12ರ ಆಧಾರವರ್ಷದ (ಹೋಲಿಕೆಗೆ ಹಿಡಿದ ಮೂಲವರ್ಷದ) ಸಗಟು ಸರಣಿಯಲ್ಲಿ ಶೇ 64ಕ್ಕೂ ಹೆಚ್ಚು ತೂಕ, ಅಂದರೆ ಸೂಚ್ಯಂಕದ ಲೆಕ್ಕದಲ್ಲಿನ ಪಾಲು, ಕಾರ್ಖಾನೆ ಸರಕುಗಳದ್ದು. ಈ ವ್ಯತ್ಯಾಸವನ್ನು ಮರೆತರೆ ಎಷ್ಟು ದೊಡ್ಡ ಪ್ರಮಾದವಾಗಬಹುದು ಎಂಬುದಕ್ಕೆ 2009ರ ಮಧ್ಯಭಾಗವೇ ಸಾಕ್ಷಿ. ಆಗ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿಳಿದಿತ್ತು. ಅದೇ ತಿಂಗಳುಗಳಲ್ಲಿ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಶೇ 9ರಿಂದ 12ರ ವೇಗದಲ್ಲಿ ಏರುತ್ತಿತ್ತು. ಬೆಲೆ ಇಳಿಯುತ್ತಿದೆ ಎಂಬ ಅಧಿಕೃತ ಸುದ್ದಿಯನ್ನು ಓದಿ ಸಂತೆಗೆ ಹೋದವರಿಗೆ ಅಲ್ಲಿ ಕಂಡದ್ದು ಬೇರೆಯೇ ಆಗಿತ್ತು. ಆ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಕೂಡ ಸಗಟು ಬೆಲೆಯನ್ನೇ ಮುಖ್ಯವಾಗಿ ಗಮನಿಸುತ್ತಿತ್ತು. ಗ್ರಾಹಕ ಬೆಲೆಯನ್ನೇ ಅಳತೆಗೋಲಾಗಿ ಹಿಡಿಯಬೇಕೆಂದು ಊರ್ಜಿತ್ ಪಟೇಲ್ ನೇತೃತ್ವದ ಸಮಿತಿ ಶಿಫಾರಸು ಮಾಡಿದ್ದು 2014ರ ಜನವರಿಯಲ್ಲಿ.

ಎರಡನೆಯದಾಗಿ ಸರಕುಗಳ ತೂಕವನ್ನು ನೋಡಬೇಕು. 2012ರ ಆಧಾರವರ್ಷದ ಗ್ರಾಹಕ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇ 45.86, ವಸತಿಗೆ ಶೇ 10.07, ಇಂಧನ ಮತ್ತು ಬೆಳಕಿಗೆ ಶೇ 6.84ರಷ್ಟು ತೂಕ ನಿಗದಿಯಾಗಿತ್ತು. ಆಧಾರವರ್ಷ ಬದಲಾದಾಗ ಈ ತೂಕಗಳೂ ಬದಲಾಗುವುದರಿಂದ ಓದುತ್ತಿರುವ ಸರಣಿಯ ಪಟ್ಟಿಯನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ತೂಕ ಗೊತ್ತಾದರೆ ಸರಳ ಗುಣಾಕಾರದಿಂದಲೇ ಬಹಳಷ್ಟು ತಿಳಿಯುತ್ತದೆ. ಟೊಮೆಟೊಗೆ ಆ ಸರಣಿಯಲ್ಲಿ ಇದ್ದ ತೂಕ ಶೇ 0.57 ಮಾತ್ರ. 2023ರ ಜುಲೈನಲ್ಲಿ ಅದರ ಬೆಲೆ ಹಿಂದಿನ ವರ್ಷಕ್ಕಿಂತ ಸುಮಾರು ಮೂರು ಪಟ್ಟಾಯಿತು, ಅಂದರೆ ಶೇ 200ರಷ್ಟು ಏರಿತು. ಇದನ್ನು ತೂಕದಿಂದ ಗುಣಿಸಿದರೆ ಇಡೀ ದೇಶದ ಹಣದುಬ್ಬರಕ್ಕೆ ಆ ಒಂದೇ ತರಕಾರಿ ಒಂದು ಶೇಕಡಾ ಅಂಶಕ್ಕೂ ಹೆಚ್ಚು ಸೇರಿಸಿತೆಂದು ಸ್ಥೂಲವಾಗಿ ತಿಳಿಯುತ್ತದೆ. ಆ ತಿಂಗಳು ಗ್ರಾಹಕ ಹಣದುಬ್ಬರ ಶೇ 4.87ರಿಂದ 7.44ಕ್ಕೆ ಜಿಗಿದಿತ್ತು, ಕೋಲಾರದ ಮಂಡಿಯಲ್ಲಿ ಕ್ರೇಟುಗಳ ಹರಾಜು ರಾಷ್ಟ್ರೀಯ ಸುದ್ದಿಯಾಗಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದು ಮತ್ತೆ ಶೇ 5ರ ಹತ್ತಿರಕ್ಕೆ ಬಂದಿತು. ಇದು ಮೆಟ್ಟಿಲಿನ ಏರಿಕೆ, ಅದೂ ತಾನೇ ಇಳಿದ ಏರಿಕೆ. ಇದಕ್ಕೆ ಬಡ್ಡಿದರ ಏರಿಸಿದ್ದರೆ ಟೊಮೆಟೊ ಗಿಡದಲ್ಲಿ ಒಂದು ಕಾಯಿಯೂ ಹೆಚ್ಚಾಗುತ್ತಿರಲಿಲ್ಲ.

ಹಿಂದಿನ ವರ್ಷದ ಅದೇ ತಿಂಗಳ ಅಂಕಿಯನ್ನು ನೋಡುವ ಅಭ್ಯಾಸವೂ ಇರಲಿ. ಕಳೆದ ವರ್ಷ ಬೆಲೆ ವಿಪರೀತ ಏರಿದ್ದರೆ ಈ ವರ್ಷದ ಹಣದುಬ್ಬರ ಏನೂ ಮಾಡದೆಯೇ ಕಡಿಮೆ ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ಶೇ 6.21 ಇದ್ದ ಹಣದುಬ್ಬರ 2025ರ ಅಕ್ಟೋಬರಿನಲ್ಲಿ ಶೇ 0.25ಕ್ಕೆ ಇಳಿದದ್ದರಲ್ಲಿ ತರಕಾರಿ ಅಗ್ಗವಾದದ್ದು, ಸೆಪ್ಟೆಂಬರಿನ ಜಿಎಸ್‌ಟಿ ಕಡಿತ ಮತ್ತು ಹಿಂದಿನ ವರ್ಷದ ಎತ್ತರ ಮೂರೂ ಸೇರಿದ್ದವು.

ಆಹಾರದ ಬೆಲೆ: ಮಳೆಯ ಆಚೆಗಿನ ಕಾರಣಗಳು

ಭಾರತದ ಹಣದುಬ್ಬರವನ್ನು ಓದುವವರು ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಆಹಾರಕ್ಕೆ. ಏಕೆಂದರೆ ಬೆಳವಣಿಗೆಯ ಕುರುಹು ಮೊದಲು ಕಾಣಿಸಿಕೊಳ್ಳುವುದೇ ಅಲ್ಲಿ. 2009ರಲ್ಲಿ ಮುಂಗಾರು ವಾಡಿಕೆಗಿಂತ ಶೇ 22ರಷ್ಟು ಕಡಿಮೆಯಾಯಿತು. ಆ ವರ್ಷದ ಏರಿಕೆಗೆ ಬರವೇ ಕಾರಣವೆಂದರೆ ಒಪ್ಪಬಹುದು. ಆದರೆ 2010ರಲ್ಲಿ ಮತ್ತು 2011ರಲ್ಲಿ ಮಳೆ ಚೆನ್ನಾಗಿಯೇ ಆಯಿತು, ಬೆಳೆಯೂ ಬಂತು, ಆದರೂ ಆಹಾರದ ಹಣದುಬ್ಬರ ಬಗ್ಗಲಿಲ್ಲ. ಹೇಳಿದ ಕಾರಣ ಹೋದ ಮೇಲೂ ಏರಿಕೆ ಉಳಿದುಕೊಂಡರೆ ಆ ಕಾರಣ ಅಪೂರ್ಣವೆಂದು ತಿಳಿದು ಹುಡುಕಾಟವನ್ನು ಮುಂದುವರಿಸಬೇಕು.

ಮುಂದುವರಿಸಿದಾಗ ಮೊದಲು ಸಿಗುವುದು ತಟ್ಟೆಯ ಬದಲಾವಣೆ. 2003ರ ನಂತರದ ವರ್ಷಗಳಲ್ಲಿ ದೇಶದ ಆದಾಯ ಹಿಂದೆಂದೂ ಕಾಣದ ವೇಗದಲ್ಲಿ ಬೆಳೆಯಿತು. ಆದಾಯ ಹೆಚ್ಚಿದ ಬಡ ಕುಟುಂಬ ಇನ್ನಷ್ಟು ಅಕ್ಕಿಯನ್ನು ಕೊಳ್ಳುವುದಿಲ್ಲ. ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸ, ಹಣ್ಣುಗಳನ್ನು ಕೊಳ್ಳುತ್ತದೆ. ಆಗ ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಸುಬೀರ್ ಗೋಕರ್ಣ ಅವರು 2010ರಲ್ಲಿಯೇ ಪ್ರೋಟೀನ್ ಬೆಲೆಯ ಬಗ್ಗೆ ಮಾತನಾಡಿ, ಏರಿಕೆ ಕೇಂದ್ರೀಕೃತವಾಗಿರುವುದು ಇಂಥ ಆಹಾರಗಳಲ್ಲಿಯೇ ಎಂಬುದನ್ನು ಎತ್ತಿ ತೋರಿಸಿದ್ದರು. ಬೇಡಿಕೆ ಹೀಗೆ ಹೊರಳಿದಾಗ ಬೇಸಾಯವೂ ಅಷ್ಟೇ ಬೇಗ ಹೊರಳಬೇಕಿತ್ತು. ಆದರೆ ನೀರಾವರಿ, ವಿದ್ಯುತ್ ಸಬ್ಸಿಡಿ ಮತ್ತು ಖಾತರಿಯ ಖರೀದಿ ಎಲ್ಲವೂ ಭತ್ತ ಮತ್ತು ಗೋಧಿಯ ಸುತ್ತ ಕಟ್ಟಲ್ಪಟ್ಟಿದ್ದವು. ತೊಗರಿಯನ್ನು ಕಲಬುರಗಿಯ ರೈತ ಮಳೆಯನ್ನೇ ನಂಬಿ ಬೆಳೆಯಬೇಕಾಗಿತ್ತು. ಬೆಲೆ ಕುಸಿದ ವರ್ಷ ಅವನ ನೆರವಿಗೆ ಭತ್ತದ ರೈತನಿಗಿದ್ದಂಥ ವ್ಯವಸ್ಥೆ ಇರಲಿಲ್ಲ. ಬೆಳವಣಿಗೆಯ ಫಲ ಬಡವರ ತಟ್ಟೆಗೆ ತಲುಪಿದ್ದು ಸಂತೋಷದ ಸಂಗತಿ. ಅದನ್ನು ಪೂರೈಸಲು ವ್ಯವಸ್ಥೆ ಸಿದ್ಧವಾಗದೆ ಹೋದದ್ದು ದುಃಖದ ಸಂಗತಿ, ಮತ್ತು ಅದು ನೀತಿಯ ವೈಫಲ್ಯ.

ಇದರ ಪಕ್ಕದಲ್ಲಿಯೇ ಬೆಂಬಲ ಬೆಲೆ ಮತ್ತು ದಾಸ್ತಾನಿನ ಅಂಕಿಗಳನ್ನು ಇಟ್ಟು ನೋಡಬೇಕು. ಸಾಮಾನ್ಯ ಭತ್ತದ ಬೆಂಬಲ ಬೆಲೆ 2005-06ರಲ್ಲಿ ಕ್ವಿಂಟಲ್‌ಗೆ 570 ರೂಪಾಯಿ ಇದ್ದದ್ದು 2013-14ಕ್ಕೆ 1,310 ರೂಪಾಯಿಯಾಯಿತು. ರೈತನಿಗೆ ಈ ಏರಿಕೆ ಅಗತ್ಯವಾಗಿತ್ತು, ಅದರ ಹಿಂದಿನ ವರ್ಷಗಳಲ್ಲಿ ಬೆಂಬಲ ಬೆಲೆ ಬಹುತೇಕ ನಿಂತಲ್ಲೇ ನಿಂತಿತ್ತು. ಆದರೆ ಖರೀದಿಸಿದ ಧಾನ್ಯ ಏನಾಯಿತು ಎಂಬ ಪ್ರಶ್ನೆ ಬೇರೆ. 2012ರ ಜೂನ್‌ನಲ್ಲಿ ಸರ್ಕಾರಿ ಗೋದಾಮುಗಳಲ್ಲಿ ಅಕ್ಕಿ ಮತ್ತು ಗೋಧಿಯ ದಾಸ್ತಾನು 8 ಕೋಟಿ ಟನ್ ದಾಟಿತ್ತು. ಅದರ ಬೆನ್ನಿಗೇ ಬಂದ ತಿಂಗಳುಗಳಲ್ಲಿ ಮುಕ್ತ ಮಾರುಕಟ್ಟೆಯಲ್ಲಿ ಧಾನ್ಯದ ಬೆಲೆ ಎರಡಂಕಿಯ ವೇಗದಲ್ಲಿ ಏರಿತು. ಬೆಳೆ ಇದ್ದೂ, ದಾಸ್ತಾನು ಇದ್ದೂ ಬೆಲೆ ಏರುತ್ತಿದ್ದರೆ ಕೊರತೆ ಇರುವುದು ಹೊಲದಲ್ಲಿ ಅಲ್ಲ, ಗೋದಾಮಿನ ಬಾಗಿಲಿನಲ್ಲಿ. ಆದ್ದರಿಂದ ಧಾನ್ಯ ದುಬಾರಿಯಾದಾಗಲೆಲ್ಲ ಉತ್ಪಾದನೆಯ ಅಂಕಿಯೊಂದಿಗೆ ಭಾರತೀಯ ಆಹಾರ ನಿಗಮದ ದಾಸ್ತಾನಿನ ಅಂಕಿಯನ್ನೂ ತಪ್ಪದೆ ನೋಡಬೇಕು.

ಏರಿಕೆ ಹರಡುತ್ತಿದೆಯೇ

ಮುಂದಿನ ಪ್ರಶ್ನೆ ಇಡೀ ಓದಿನ ಹೃದಯ: ಆಹಾರದಲ್ಲೋ ಇಂಧನದಲ್ಲೋ ಆರಂಭವಾದ ಏರಿಕೆ ಉಳಿದ ಸರಕು ಮತ್ತು ಸೇವೆಗಳಿಗೆ ಹರಡುತ್ತಿದೆಯೇ? ಇದಕ್ಕಾಗಿ ಆಹಾರ ಮತ್ತು ಇಂಧನವನ್ನು ಬಿಟ್ಟು ಲೆಕ್ಕಹಾಕುವ ಕೋರ್ ಹಣದುಬ್ಬರವನ್ನು ಗಮನಿಸಬೇಕು. 2023ರ ಟೊಮೆಟೊ ಏರಿಕೆಯ ವೇಳೆ ಕೋರ್ ಹಣದುಬ್ಬರ ಇಳಿಮುಖವಾಗಿಯೇ ಇತ್ತು. 2013ರಲ್ಲಿ ಅದು ಶೇ 8ರ ಆಸುಪಾಸಿನಲ್ಲಿ ಬೇರು ಬಿಟ್ಟಿತ್ತು. ಈ ಒಂದು ಹೋಲಿಕೆಯಲ್ಲಿಯೇ ಎರಡು ಬೇರೆ ಬೇರೆ ಸ್ವಭಾವದ ಬೆಲೆಯೇರಿಕೆಗಳು ಸ್ಪಷ್ಟವಾಗಿ ಕಾಣುತ್ತವೆ.

ಹರಡುವ ಮುಖ್ಯ ದಾರಿ ಕೂಲಿ. 2008ರಿಂದ ಸುಮಾರು ಐದು ವರ್ಷ ಗ್ರಾಮೀಣ ಕೂಲಿ ಎರಡಂಕಿಯ ವೇಗದಲ್ಲಿ ಏರಿತು. ಇದಕ್ಕೆ ಉದ್ಯೋಗ ಖಾತರಿ ಯೋಜನೆಯೊಂದನ್ನೇ ದೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಯೋಜನೆ 2008ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು ಮತ್ತು 2011ರಿಂದ ಅದರ ಕೂಲಿ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಜೋಡಿಸಲ್ಪಟ್ಟಿತು ಎಂಬುದು ನಿಜ. ಆದರೆ ಅದೇ ವರ್ಷಗಳಲ್ಲಿ ರಸ್ತೆ, ಮೆಟ್ರೊ ಮತ್ತು ಅಪಾರ್ಟ್‌ಮೆಂಟ್ ಕಾಮಗಾರಿಗಳು ಹಳ್ಳಿಗಳಿಂದ ಲಕ್ಷಾಂತರ ಜನರನ್ನು ಸೆಳೆದವು. ಹೆಣ್ಣುಮಕ್ಕಳು ಕೂಲಿ ಬಿಟ್ಟು ಶಾಲೆಯಲ್ಲಿ ಮುಂದುವರಿದರು. ಆಹಾರದ ಬೆಲೆಯೇ ಏರಿದ್ದರಿಂದ ಕೂಲಿಯೂ ಏರಲೇಬೇಕಾಯಿತು. ದಶಕಗಳ ಕಾಲ ಹೊಟ್ಟೆ ತುಂಬದಷ್ಟು ಕೂಲಿಗೆ ದುಡಿದವರಿಗೆ ಸಿಕ್ಕ ಹೆಚ್ಚಳವನ್ನು ಆರ್ಥಿಕ ರೋಗವೆಂದು ಕರೆಯುವುದನ್ನು ಈ ಲೇಖಕ ಒಪ್ಪುವುದಿಲ್ಲ. ಕೂಲಿಯ ಜೊತೆಗೆ ಎಕರೆಯ ಇಳುವರಿಯೂ ಆಳಿನ ಉತ್ಪಾದಕತೆಯೂ ಏರಿದ್ದರೆ ಬೆಲೆ ಏರಬೇಕಾಗಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ವೇಗದ ಬೆಳವಣಿಗೆಯಲ್ಲಿ ಸೇವೆಗಳ ಬೆಲೆ ಏಕೆ ಏರುತ್ತದೆ ಎಂಬುದಕ್ಕೆ ಬೆಂಗಳೂರು ಒಳ್ಳೆಯ ಪಾಠ. ಸಾಫ್ಟ್‌ವೇರ್ ರಫ್ತು ಮಾಡುವ ವಲಯದಲ್ಲಿ ಒಬ್ಬ ನೌಕರನ ಉತ್ಪಾದಕತೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಸಂಬಳವೂ ಏರುತ್ತದೆ. ಕ್ಷೌರ, ಮನೆಗೆಲಸ, ಆಟೊ ಓಡಿಸುವುದು, ಮಕ್ಕಳಿಗೆ ಪಾಠ ಹೇಳುವುದು ಇವುಗಳಲ್ಲಿ ಉತ್ಪಾದಕತೆ ಅಷ್ಟಾಗಿ ಏರಲಾರದು. ಆದರೆ ಅದೇ ನಗರದಲ್ಲಿ ಬದುಕಬೇಕಾದ ಆ ಕೆಲಸಗಾರರ ಆದಾಯ ಏರದಿದ್ದರೆ ಅವರು ಆ ಕೆಲಸದಲ್ಲಿ ಉಳಿಯುವುದಿಲ್ಲ. ಹೀಗಾಗಿ ರಫ್ತಿನ ವಲಯದ ಏಳಿಗೆ ಸ್ಥಳೀಯ ಸೇವೆಗಳ ಬೆಲೆಯನ್ನೂ ಬಾಡಿಗೆಯನ್ನೂ ಮೇಲೆಳೆಯುತ್ತದೆ. ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಈ ಬಗೆಯ ಏರಿಕೆ ಬೆಳವಣಿಗೆಯ ಸಹಜ ಅಂಗ. ಇದನ್ನು ಶೂನ್ಯಕ್ಕೆ ಇಳಿಸಲು ಹೊರಟರೆ ಬೆಳವಣಿಗೆಯನ್ನೇ ಉಸಿರುಗಟ್ಟಿಸಬೇಕಾಗುತ್ತದೆ. ಭಾರತದ ಹಣದುಬ್ಬರದ ಗುರಿ ಶೇ 2ರ ಬದಲು ಶೇ 4 ಆಗಿರುವುದಕ್ಕೆ ಸಮರ್ಥನೆ ಕೊಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಬೇಡಿಕೆ ಮಿತಿ ಮೀರಿದೆಯೇ

ಪೂರೈಕೆಯ ಕಾರಣಗಳನ್ನು ನೋಡಿದ ಮೇಲೆ ದೇಶ ತನ್ನ ಸಾಮರ್ಥ್ಯಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದೆಯೇ ಎಂದು ಕೇಳಬೇಕು. ಇದಕ್ಕೆ ಮೂರು ಅಂಕಿಗಳು ನೆರವಾಗುತ್ತವೆ: ಕೇಂದ್ರದ ವಿತ್ತೀಯ ಕೊರತೆ (ಸಾಲದಿಂದ ತುಂಬಬೇಕಾದ ಖರ್ಚು), ಹಣದುಬ್ಬರವನ್ನು ಕಳೆದ ಬಡ್ಡಿದರ, ಮತ್ತು ಚಾಲ್ತಿ ಖಾತೆಯ ಕೊರತೆ (ಆಮದು-ರಫ್ತು ಮುಂತಾದ ವ್ಯವಹಾರಗಳಲ್ಲಿ ಬರುವುದಕ್ಕಿಂತ ಹೆಚ್ಚಾಗಿ ವಿದೇಶಕ್ಕೆ ಹೋಗುವ ಹಣ).

2007-08ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ 2.5ರಷ್ಟಿದ್ದ ಕೇಂದ್ರದ ಕೊರತೆ ಮರುವರ್ಷವೇ ಶೇ 6ಕ್ಕೂ, 2009-10ರಲ್ಲಿ ಅದಕ್ಕಿಂತ ಮೇಲಕ್ಕೂ ಏರಿತು. ರೈತರ ಸಾಲಮನ್ನಾ, ಆರನೇ ವೇತನ ಆಯೋಗ, ಇಂಧನ ಮತ್ತು ಗೊಬ್ಬರದ ಸಬ್ಸಿಡಿಗಳ ಮೇಲೆ ಜಾಗತಿಕ ಹಣಕಾಸು ಬಿಕ್ಕಟ್ಟಿಗೆ ಉತ್ತರವಾಗಿ ಕೊಟ್ಟ ತೆರಿಗೆ ಕಡಿತ ಸೇರಿಕೊಂಡಿತ್ತು. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿದರವಾದ ರೆಪೊ ದರ ಶೇ 9ರಿಂದ 2009ರ ಏಪ್ರಿಲ್ ಹೊತ್ತಿಗೆ ಶೇ 4.75ಕ್ಕೆ ಇಳಿದಿತ್ತು. ಬಿಕ್ಕಟ್ಟಿನ ಕ್ಷಣದಲ್ಲಿ ಇವು ಸರಿಯಾದ ಕ್ರಮಗಳೇ. ಅರ್ಥವ್ಯವಸ್ಥೆ ನಿರೀಕ್ಷೆಗಿಂತ ಬೇಗ ಚೇತರಿಸಿಕೊಂಡ ಮೇಲೂ ಅವನ್ನು ಹಿಂತೆಗೆದುಕೊಳ್ಳಲು ತಡಮಾಡಿದ್ದು ತಪ್ಪಾಯಿತು. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ ರಿಸರ್ವ್ ಬ್ಯಾಂಕ್ 13 ಬಾರಿ ದರ ಏರಿಸಿ ಶೇ 8.5ಕ್ಕೆ ಒಯ್ದರೂ ಗ್ರಾಹಕ ಹಣದುಬ್ಬರ ಅದಕ್ಕಿಂತ ಮುಂದೆಯೇ ಓಡುತ್ತಿತ್ತು.

ಬ್ಯಾಂಕಿನ ಠೇವಣಿ ಹಣದುಬ್ಬರಕ್ಕೆ ಸೋತಾಗ ಕುಟುಂಬಗಳು ಚಿನ್ನದತ್ತ ತಿರುಗಿದವು. ಚಿನ್ನದ ಆಮದು ಉಬ್ಬಿತು. ತೈಲದ ಆಮದಿನೊಂದಿಗೆ ಸೇರಿ ಅದು 2012-13ರ ಚಾಲ್ತಿ ಖಾತೆಯ ಕೊರತೆಯನ್ನು ಒಟ್ಟು ಉತ್ಪನ್ನದ ಶೇ 4.8ಕ್ಕೆ ಕೊಂಡೊಯ್ದಿತು. 2013ರ ಮೇ ತಿಂಗಳಿನಲ್ಲಿ ಅಮೆರಿಕದ ಕೇಂದ್ರೀಯ ಬ್ಯಾಂಕ್ ತನ್ನ ಸಡಿಲ ಹಣಕಾಸು ನೀತಿಯನ್ನು ಕಡಿಮೆ ಮಾಡುವ ಸೂಚನೆ ಕೊಟ್ಟ ಕೂಡಲೇ ವಿದೇಶಿ ಹೂಡಿಕೆ ಹೊರಹರಿಯಿತು, ಆಗಸ್ಟ್ ಕೊನೆಗೆ ಡಾಲರಿಗೆ 68 ರೂಪಾಯಿ ದಾಟಿತು, ಆಮದಾಗುವ ಪ್ರತಿಯೊಂದೂ ತುಟ್ಟಿಯಾಯಿತು. ಒಂದು ಕಾರಣ ಇನ್ನೊಂದನ್ನು ಹೆತ್ತ ಈ ಸರಪಣಿಯನ್ನು ಗಮನಿಸಿದರೆ, ರೂಪಾಯಿಯ ಕುಸಿತವೇ ಬೆಲೆಯೇರಿಕೆಗೆ ಕಾರಣ ಎಂದು ಆ ವರ್ಷ ಹೇಳಿದವರು ಸರಪಣಿಯ ಕೊನೆಯ ಕೊಂಡಿಯನ್ನು ಮಾತ್ರ ಹಿಡಿದಿದ್ದರೆಂದು ತಿಳಿಯುತ್ತದೆ. ಬರದಂಥ ಪೂರೈಕೆಯ ಆಘಾತ ಮಾತ್ರವೇ ಕಾರಣವಾಗಿದ್ದರೆ ಬೆಲೆ ಏರುತ್ತಿತ್ತು, ಆದರೆ ಚಾಲ್ತಿ ಖಾತೆ ಇಷ್ಟು ಹದಗೆಡುತ್ತಿರಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಉಂಟು. 2007-08ರಲ್ಲಿ ಬೆಳವಣಿಗೆಯಿಂದ ಆಕರ್ಷಿತವಾದ ವಿದೇಶಿ ಬಂಡವಾಳ ಹರಿದು ಬಂದಾಗ, ರಿಸರ್ವ್ ಬ್ಯಾಂಕ್ ಡಾಲರ್ ಕೊಂಡು ಬಿಟ್ಟ ರೂಪಾಯಿ ಬೆಲೆಗಳನ್ನು ಏರಿಸದಂತೆ ಅದನ್ನು ಹೀರಿಕೊಳ್ಳಲು ಬ್ಯಾಂಕುಗಳ ನಗದು ಮೀಸಲು ಅನುಪಾತವನ್ನು (ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಪಾಲನ್ನು) 2008ರ ಆಗಸ್ಟ್ ಹೊತ್ತಿಗೆ ಶೇ 9ಕ್ಕೆ ಏರಿಸಬೇಕಾಯಿತು.

ಸುಧಾರಣೆಯೇ ತಂದ ಏರಿಕೆ

ಸರ್ಕಾರ ಹಿಡಿದಿಟ್ಟಿದ್ದ ಬೆಲೆಯನ್ನು ಬಿಟ್ಟಾಗ ಅದು ಏರುತ್ತದೆ. 1991ರ ಜುಲೈ ಮೊದಲ ವಾರದಲ್ಲಿ ರೂಪಾಯಿಯನ್ನು ಎರಡು ಹಂತಗಳಲ್ಲಿ ಅಪಮೌಲ್ಯಗೊಳಿಸಿದ ನಂತರ ಆಗಸ್ಟ್‌ನಲ್ಲಿ ಸಗಟು ಹಣದುಬ್ಬರ ಶೇ 17ರ ಹತ್ತಿರ ಹೋಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣಮುಕ್ತವಾಯಿತು. ಡೀಸೆಲ್ 2013ರ ಜನವರಿಯಿಂದ ತಿಂಗಳಿಗೆ ಲೀಟರಿಗೆ ಸುಮಾರು 50 ಪೈಸೆಯಂತೆ ಏರುತ್ತಾ ಹೋಗಿ 2014ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಕ್ತವಾಯಿತು. ಇಂಥ ಏರಿಕೆಯನ್ನು ಕಂಡಾಗ ಅದಕ್ಕೂ ಮೊದಲು ಆ ಬೆಲೆಯನ್ನು ಯಾರು ತೆರುತ್ತಿದ್ದರು ಎಂದು ಕೇಳಬೇಕು. ಡೀಸೆಲ್ ಅಗ್ಗವಾಗಿದ್ದಾಗ ಅದರ ನಷ್ಟ ತೈಲ ಕಂಪನಿಗಳ ಮತ್ತು ಬಜೆಟ್ಟಿನ ಮೇಲೆ ಬೀಳುತ್ತಿತ್ತು, ಅಲ್ಲಿಂದ ಕೊರತೆಯಾಗಿ, ಸಾಲವಾಗಿ ಬೇರೆ ಬೆಲೆಗಳಿಗೆ ದಾಟುತ್ತಿತ್ತು. ನಿಯಂತ್ರಣ ಹೋದಾಗ ಕಾಣುವ ಏರಿಕೆಯ ಒಂದು ಭಾಗ ಹಿಂದೆಯೇ ಇದ್ದು ಮರೆಯಾಗಿದ್ದ ಏರಿಕೆ. ಅದು ಒಂದು ಬಾರಿಯದು. ಮರುವರ್ಷ ಅದೇ ಸರಕು ಮತ್ತೆ ಅದೇ ವೇಗದಲ್ಲಿ ಏರಿದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ನಿಯಂತ್ರಣವನ್ನು ಹೇಗೆ, ಯಾವಾಗ ತೆಗೆಯಲಾಯಿತು ಎಂಬುದೂ ಮುಖ್ಯ. ಚೀನಾದಲ್ಲಿ 1988ರ ಬೇಸಿಗೆಯಲ್ಲಿ ಬೆಲೆಗಳನ್ನು ಒಟ್ಟಿಗೆ ಬಿಡುವ ಯೋಜನೆಯ ಸುದ್ದಿ ಹೊರಬಿದ್ದೊಡನೆ ಜನ ಬ್ಯಾಂಕಿನಿಂದ ಉಳಿತಾಯ ತೆಗೆದು ಅಂಗಡಿಗಳಿಗೆ ಮುಗಿಬಿದ್ದರು. ಸಾಲ ಮತ್ತು ಹೂಡಿಕೆ ಮೊದಲೇ ಅತಿಯಾಗಿದ್ದ ಅರ್ಥವ್ಯವಸ್ಥೆಯಲ್ಲಿ ಈ ಭೀತಿ ಸೇರಿ ಆ ವರ್ಷದ ಗ್ರಾಹಕ ಬೆಲೆಯೇರಿಕೆ ಶೇ 18.8ಕ್ಕೆ ತಲುಪಿತು, ಯೋಜನೆಯನ್ನೇ ಕೈಬಿಡಬೇಕಾಯಿತು. ಭಾರತದ ಡೀಸೆಲ್ ಸುಧಾರಣೆ ಸಣ್ಣ ಕಂತುಗಳಲ್ಲಿ ನಡೆದು, ಕಚ್ಚಾ ತೈಲದ ಬೆಲೆ ಇಳಿಯುತ್ತಿದ್ದ ಹೊತ್ತಿನಲ್ಲಿ ಮುಗಿದದ್ದರಿಂದ ಅಂಥ ಭೀತಿಗೆ ಆಸ್ಪದವಾಗಲಿಲ್ಲ.

ನಿರೀಕ್ಷೆ ಮತ್ತು ಸಂಸ್ಥೆಗಳು

ಕೊನೆಯದಾಗಿ, ಬೆಲೆ ಮುಂದೆಯೂ ಏರುತ್ತದೆಂದು ಜನ ನಂಬಿದ್ದಾರೆಯೇ ಎಂದು ನೋಡಬೇಕು. ರಿಸರ್ವ್ ಬ್ಯಾಂಕ್ ಕುಟುಂಬಗಳ ನಿರೀಕ್ಷೆಯ ಸಮೀಕ್ಷೆಯನ್ನು ನಿಯತವಾಗಿ ಪ್ರಕಟಿಸುತ್ತದೆ. ಅದರ ಅಂಕಿ ನಿಜವಾದ ಹಣದುಬ್ಬರಕ್ಕಿಂತ ಸಾಮಾನ್ಯವಾಗಿ ಮೇಲೆಯೇ ಇರುವುದರಿಂದ ಮಟ್ಟಕ್ಕಿಂತ ದಿಕ್ಕನ್ನು ಗಮನಿಸುವುದು ಸರಿಯಾದ ಕ್ರಮ. ನಿರೀಕ್ಷೆಯನ್ನು ಹಿಡಿದಿಡುವುದು ಸಂಸ್ಥೆಗಳ ವಿಶ್ವಾಸಾರ್ಹತೆ. ಸರ್ಕಾರಕ್ಕೆ ಬೇಕಾದಾಗಲೆಲ್ಲ ತಾತ್ಕಾಲಿಕ ಖಜಾನೆ ಹುಂಡಿಗಳ (ಸರ್ಕಾರದ ಅಲ್ಪಾವಧಿ ಸಾಲಪತ್ರಗಳ) ಮೂಲಕ ರಿಸರ್ವ್ ಬ್ಯಾಂಕಿನಿಂದ ಹಣ ಸಿಗುತ್ತಿದ್ದ ಪದ್ಧತಿ ಸಿ. ರಂಗರಾಜನ್ ಗವರ್ನರ್ ಆಗಿದ್ದಾಗ 1997ರ ಏಪ್ರಿಲ್‌ನಿಂದ ನಿಂತಿತು. 2016ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಬಡ್ಡಿದರ ನಿರ್ಧರಿಸುವ ಆರು ಸದಸ್ಯರ ಹಣಕಾಸು ನೀತಿ ಸಮಿತಿ ಬಂದಿತು. ಶೇ 4ರ ಗುರಿ, ಎರಡೂ ಬದಿಗೆ ಶೇ 2ರ ಅವಕಾಶ ಕಾನೂನಿನ ಬಲ ಪಡೆಯಿತು. 2022ರಲ್ಲಿ ಸತತ ಮೂರು ತ್ರೈಮಾಸಿಕ ಹಣದುಬ್ಬರ ಶೇ 6ನ್ನು ಮೀರಿದಾಗ ರಿಸರ್ವ್ ಬ್ಯಾಂಕ್ ಕಾರಣಗಳನ್ನು ವಿವರಿಸಿ ಸರ್ಕಾರಕ್ಕೆ ಪತ್ರ ಬರೆಯಬೇಕಾಯಿತು. ಆ ಪತ್ರವನ್ನು ಜನರ ಮುಂದೆ ಇಟ್ಟಿದ್ದರೆ ಚೆನ್ನಾಗಿತ್ತು, ಏಕೆಂದರೆ ಬೆಲೆಯೇರಿಕೆಯ ಹೊರೆ ಹೊತ್ತವರಿಗೆ ಅದರ ಕಾರಣ ತಿಳಿಯುವ ಹಕ್ಕಿದೆ.

ಈ ಕ್ರಮದಲ್ಲಿ ಓದಿ ಕಾರಣ ಗೊತ್ತಾದ ಮೇಲೆ ಅದನ್ನು ಸ್ವಂತ ಮನೆಯ ಲೆಕ್ಕಕ್ಕೂ ಹೊಂದಿಸಿಕೊಳ್ಳಬೇಕು. 2012ರ ಸರಣಿಯಲ್ಲಿ ಆಹಾರದ ತೂಕ ಗ್ರಾಮೀಣ ಸೂಚ್ಯಂಕದಲ್ಲಿ ಶೇ 54.18, ನಗರದ್ದರಲ್ಲಿ ಶೇ 36.29 ಇತ್ತು, ಕೃಷಿ ಕಾರ್ಮಿಕ ಕುಟುಂಬಕ್ಕೆ ಅದು ಇನ್ನೂ ಹೆಚ್ಚು. ಸರ್ಕಾರಿ ನೌಕರರಿಗೆ ಸೂಚ್ಯಂಕ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಗಾರ್ಮೆಂಟ್ ಕಾರ್ಖಾನೆಯ ಕಾರ್ಮಿಕರಿಗೆ ಕನಿಷ್ಠ ವೇತನದ ಜೊತೆಗೆ ತುಟ್ಟಿಭತ್ಯೆ ಇದ್ದರೂ ಮೂಲವೇತನದ ಪರಿಷ್ಕರಣೆಗೆ ವರ್ಷಗಟ್ಟಲೆ ಕಾಯಬೇಕು. ಬೀದಿ ವ್ಯಾಪಾರಿಗೆ ಇದಾವುದೂ ಇಲ್ಲ, ಮನೆಗೆಲಸದವರಿಗೆ ಇದು ಕೈಗೆ ಸಿಗುವುದು ಅಪರೂಪ. ತಿಂಗಳ ಖರ್ಚನ್ನು ಆಹಾರ, ಬಾಡಿಗೆ, ಶಿಕ್ಷಣ, ಔಷಧ, ಸಾರಿಗೆ ಎಂದು ವಿಂಗಡಿಸಿ, ಪ್ರತಿಯೊಂದರ ಪಾಲನ್ನು ಪ್ರಕಟವಾದ ಆಯಾ ಗುಂಪಿನ ಹಣದುಬ್ಬರದಿಂದ ಗುಣಿಸಿ ಕೂಡಿದರೆ ತಮ್ಮ ಕುಟುಂಬದ ಹಣದುಬ್ಬರ ಸುಮಾರಾಗಿ ಸಿಗುತ್ತದೆ. ಮನೆಗೆಲಸದವರ ಸಂಬಳವನ್ನು ಎಷ್ಟು ಹೆಚ್ಚಿಸಬೇಕೆಂದು ನಿರ್ಧರಿಸುವಾಗ ಪತ್ರಿಕೆಯ ಒಟ್ಟು ಅಂಕಿಯ ಬದಲು ಅವರ ಖರ್ಚಿನ ಪಾಲುಗಳನ್ನಿಟ್ಟು ಇದೇ ಲೆಕ್ಕವನ್ನು ಮಾಡಬೇಕು.